ಮನೆ ವಿಮೆಯ ಕಂತು ಏರಿದೆಯಾ? ಪಾಲಿಸಿ ಬಿಡುವ ಮೊದಲು ಇಷ್ಟು ನೋಡಿ

2022ರ ಸೆಪ್ಟೆಂಬರ್‌ನಲ್ಲಿ ಮಳೆನೀರು ನುಗ್ಗಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆಯವರು ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಬಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಮುಳುಗಿತು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್. ಇಂಥ ಕಡೆ ಮನೆ ಇರುವವರಿಗೆ ವಿಮೆ ರಿನ್ಯೂವಲ್ ನೋಟಿಸ್‌ನಲ್ಲಿ ಕಂತು ಏರಿದ್ದು ಕಂಡರೆ ಸಿಟ್ಟು ಬರುತ್ತದೆ. ಬರಲೇಬೇಕು. ರಾಜಕಾಲುವೆ ನುಂಗಿದವರು ಯಾರೋ, ದುಡ್ಡು ಕಟ್ಟುವವರು ಇನ್ಯಾರೋ. ಆದರೆ ಆ ಸಿಟ್ಟಿನಲ್ಲಿ ಪಾಲಿಸಿ ಬಿಟ್ಟರೆ ನಷ್ಟ ನಮಗೇ. ಅದರ ಬದಲು ಒಂದು ಸಂಜೆ ಬಿಡುವು ಮಾಡಿಕೊಂಡು ಪಾಲಿಸಿ ಕಾಗದ ತೆಗೆಯಿರಿ.

ಮೊದಲು, ಅದು ನಿಜವಾಗಿ ಮನೆಯ ವಿಮೆಯೇ ಅಂತ ನೋಡಿ. ಗೃಹಸಾಲ ಕೊಡುವಾಗ ಜೊತೆಗೆ ಮಾಡಿಸುವ ಪಾಲಿಸಿ ಎಷ್ಟೋ ಸಲ ಸಾಲಗಾರರ ಜೀವವಿಮೆ ಆಗಿರುತ್ತದೆ. ಮನೆಗೆ ನೀರು ನುಗ್ಗಿದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಮನೆಯ ವಿಮೆಯೇ ಆಗಿದ್ದರೆ, ಮುಂದೆ ವಿಮಾ ಮೊತ್ತ ನೋಡಿ. ಕಂತು ಉಳಿಯುವುದು ಇಲ್ಲೇ. ವಿಮೆ ಬೇಕಿರುವುದು ಕಟ್ಟಡಕ್ಕೆ, ಜಾಗಕ್ಕಲ್ಲ. ಎಂಥ ಮಳೆ ಬಂದರೂ ಸೈಟು ಕೊಚ್ಚಿಕೊಂಡು ಹೋಗುವುದಿಲ್ಲ, ಅಲ್ವಾ? ಆದ್ದರಿಂದ ಲೆಕ್ಕ ಹಾಕಬೇಕಾದ್ದು ಮನೆಯನ್ನು ಮತ್ತೆ ಕಟ್ಟಲು ಆಗುವ ಖರ್ಚು: ಕಾರ್ಪೆಟ್ ಏರಿಯಾವನ್ನು ಈಗಿನ ಕಟ್ಟಡದ ದರದಿಂದ ಗುಣಿಸಿ. ಉದಾಹರಣೆಗೆ 1,000 ಚದರಡಿ, ಅಡಿಗೆ 2,500 ರೂಪಾಯಿ ಅಂದುಕೊಂಡರೆ 25 ಲಕ್ಷ. ಅದೇ ಮನೆ ಮಾರಾಟಕ್ಕೆ ಇಟ್ಟರೆ ಒಂದು ಕೋಟಿ ಬರಬಹುದು. ಪಾಲಿಸಿಯಲ್ಲಿ ಕೋಟಿ ಅಂತ ಬರೆಸಿದ್ದರೆ, ಕಟ್ಟಡಕ್ಕೆ ಕಟ್ಟುವ ಕಂತು ಸುಮ್ನೆ ನಾಲ್ಕು ಪಟ್ಟು. ಹಾಗಂತ ಕಂತು ಉಳಿಸಲು ಕಟ್ಟಡದ ದರವನ್ನೇ ಕಡಿಮೆ ತೋರಿಸಬೇಡಿ. ಪರಿಹಾರ ಆ ಮೊತ್ತ ದಾಟುವುದಿಲ್ಲ. ನಿಮ್ಮ ಏರಿಯಾದ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕೇಳಿ ದರ ಹಾಕಿ.

ಆಮೇಲೆ ಎರಡು ಮೂರು ಕಂಪನಿಗಳಲ್ಲಿ 'ಭಾರತ್ ಗೃಹ ರಕ್ಷಾ' ಪಾಲಿಸಿಯ ದರ ಕೇಳಿ. ಇದು 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸ್ಟ್ಯಾಂಡರ್ಡ್ ಪಾಲಿಸಿ. ಪ್ರವಾಹ ಇದರೊಳಗೇ ಇದೆ. ಕಟ್ಟಡದ ಮೊತ್ತದ 20%ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆ ಸಾಮಾನಿಗೂ ಪಟ್ಟಿ ಕೊಡದೆಯೇ ರಕ್ಷಣೆ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು 5 ಲಕ್ಷ. ಒಡವೆಗೆ ಮಾತ್ರ ಬೇರೆ ಸೇರಿಸಿಕೊಳ್ಳಬೇಕು. ದರ ಹೋಲಿಸುವಾಗ 18% ಜಿಎಸ್‌ಟಿ ಸೇರಿಸಿಯೇ ನೋಡಿ. ಯಾವುದಾದರೂ ಕೊಟೇಶನ್ ತೀರಾ ಅಗ್ಗ ಅನಿಸಿದರೆ 'ಎಸ್‌ಟಿಎಫ್‌ಐ' ಇದೆಯೇ ಹುಡುಕಿ. ಬಿರುಗಾಳಿ, ಪ್ರವಾಹ, ನೀರು ನುಗ್ಗುವುದು ಎಲ್ಲ ಬರುವುದು ಅದರಲ್ಲೇ. ಅದನ್ನು ಕೈಬಿಟ್ಟು ಅಗ್ಗ ಮಾಡಿದ ಪಾಲಿಸಿ ಈ ಊರಿನಲ್ಲಿ ಯಾವ ಕೆಲಸಕ್ಕೂ ಬಾರದು.

ಅಪಾರ್ಟ್‌ಮೆಂಟ್‌ನವರು ಅಸೋಸಿಯೇಷನ್ ಪಾಲಿಸಿಯ ಪ್ರತಿ ಕೇಳಿ ಪಡೆಯಿರಿ. ಕಟ್ಟಡಕ್ಕೆ ಅಲ್ಲಿ ವಿಮೆ ಇದ್ದರೆ ನಿಮಗೆ ಸಾಮಾನಿನ ಪಾಲಿಸಿ ಸಾಕಾಗಬಹುದು. ಬೇಸ್‌ಮೆಂಟಿನ ಪಂಪು, ಜನರೇಟರ್, ಲಿಫ್ಟ್ ಅಸೋಸಿಯೇಷನ್ ಪಾಲಿಸಿಯಲ್ಲಿ ಸೇರಿವೆಯೇ ಅಂತಲೂ ನೋಡಿ. ಬಾಡಿಗೆಯವರಿಗೂ ಸಾಮಾನಿನ ಪಾಲಿಸಿ ಸಿಗುತ್ತದೆ. ಕಾರು ಇದ್ದರೆ ಅದರ ವಿಮೆ ಬೇರೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಪ್ರವಾಹಕ್ಕೆ ಏನೂ ಸಿಗದು. ನೀರಲ್ಲಿ ನಿಂತ ಕಾರನ್ನು ದಯವಿಟ್ಟು ಸ್ಟಾರ್ಟ್ ಮಾಡಬೇಡಿ. ಎಂಜಿನ್ ಒಳಗೆ ನೀರು ಎಳೆದುಕೊಂಡು ಕೆಟ್ಟರೆ, ಎಂಜಿನ್ ಪ್ರೊಟೆಕ್ಷನ್ ಇಲ್ಲದ ಪಾಲಿಸಿಯಲ್ಲಿ ಆ ಖರ್ಚು ನಿಮ್ಮದೇ.

ಮಳೆಗಾಲಕ್ಕೆ ಮುಂಚೆ ಒಂದೊಂದು ಕೋಣೆಯ ಫೋಟೊ ತೆಗೆದಿಡಿ. ಫ್ರಿಜ್, ವಾಷಿಂಗ್ ಮಷಿನ್ ಹಿಂದಿನ ಸೀರಿಯಲ್ ನಂಬರ್ ಸ್ಟಿಕ್ಕರ್ ಓದುವ ಹಾಗಿರಲಿ. ಬಿಲ್ಲುಗಳ ಜೊತೆ ಅವನ್ನು ಇಮೇಲ್‌ನಲ್ಲಿ ಹಾಕಿಡಿ. ಕಾಗದ ನೆಂದರೂ ಅವು ಉಳಿಯುತ್ತವೆ. ನೀರು ನುಗ್ಗಿದರೆ, ಇಳಿದ ತಕ್ಷಣ ಗೋಡೆ ತೊಳೆಯಲು ಹೊರಡಬೇಡಿ. ನೀರು ನಿಂತ ಗೆರೆಗೆ ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ. ಕೆಟ್ಟ ಸಾಮಾನನ್ನು ಸರ್ವೇಯರ್ (ನಷ್ಟ ಅಂದಾಜು ಮಾಡಲು ಬರುವವರು) ನೋಡುವ ತನಕ ಗುಜರಿಗೆ ಹಾಕಬೇಡಿ. ಕಂಪನಿಗೆ ಆವತ್ತೇ ತಿಳಿಸಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಮಾಡಿದ ನಿಯಮದಂತೆ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ವರದಿ ಬರಬೇಕು, ಅದಾಗಿ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಈ ದಿನಗಳನ್ನು ನಿಮ್ಮ ಇಮೇಲ್‌ನಲ್ಲೇ ನೆನಪಿಸಿ ಬರೆಯಿರಿ.

ಆದರೂ ಸತಾಯಿಸಿದರೆ ಕಂಪನಿಯ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮಾ ತಕರಾರು ಬಗೆಹರಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಫೀಸ್ ಇಲ್ಲ, ವಕೀಲರೂ ಬೇಡ.