ಬಾಗಿದ ತುದಿಯ ದೇವದಾರು

ಸಾಗರದ ನಮ್ಮ ಮನೆಯಲ್ಲಿ ದೇವದಾರು ಎಂದರೆ ಬಾಣಂತಿಯ ಕಷಾಯಕ್ಕೆ ಗ್ರಂಥಿಗೆ ಅಂಗಡಿಯಿಂದ ಪೊಟ್ಟಣ ಕಟ್ಟಿಸಿ ತರುತ್ತಿದ್ದ ಚಕ್ಕೆ, ಅಷ್ಟೇ. ಅದಕ್ಕೆ ಬೇರು, ಎಲೆ, ಕಾಯಿ ಉಂಟೆಂದು ನಾನು ಯೋಚಿಸಿದವಳೇ ಅಲ್ಲ. ಪತಿಯ ಕೆಲಸದ ಕಾರಣ ಶಿಮ್ಲಾದ ಆಚೆ, ಸುಮಾರು 2,100 ಮೀಟರ್ ಎತ್ತರದ ಹಳ್ಳಿಯೊಂದರಲ್ಲಿ ಬಾಡಿಗೆ ಮನೆ ಹಿಡಿದ ಹೊಸದರಲ್ಲಿ ಮನೆಯೊಡತಿ ಕೊಟ್ಟಿಗೆಯ ಹಳೆಯ ತೊಲೆಯೊಂದನ್ನು ಸೀಳಿಸುತ್ತಿದ್ದರು. ಎಷ್ಟೋ ವರ್ಷ ಮಳೆ ಹಿಮ ಕಂಡ ಮರ. ಆದರೂ ಕೊಡಲಿ ಬಿದ್ದ ಕೂಡಲೇ ಅದೇ ಪೊಟ್ಟಣದ ಪರಿಮಳ ಅಂಗಳಕ್ಕೆಲ್ಲ ಹರಡಿತು. ‘ದಿಯಾರ್’ ಎಂದರು ಅವರು. ದೇವದಾರಿಗೆ ಅಲ್ಲಿಯ ಹೆಸರು ಅದು. ಹಿತ್ತಿಲ ಮೇಲಿನ ಪಾಗಾರದ ಹತ್ತಿರ ಜಾಗ ಖಾಲಿ ಇತ್ತು. ಅಲ್ಲಿ ಇದನ್ನೇ ಬೆಳೆಸುತ್ತೇನೆ ಎಂದು ಕೇಳಿ ಒಪ್ಪಿಗೆ ಪಡೆದೆ.

ಬೀಜ ಹಿಡಿಯುವುದೇ ಮೊದಲ ಪಾಠ. ದೇವದಾರಿನ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ಕುಳಿತಿರುತ್ತದೆ, ಸಣ್ಣ ಪೀಪಾಯಿಯಂತೆ. ಬಲಿಯಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಬಲಿತ ಮೇಲೆ ಇಡಿಯಾಗಿ ಕೆಳಗೆ ಬೀಳುವುದಿಲ್ಲ, ಮರದ ಮೇಲೆಯೇ ಬಿರಿದು ಬಿಲ್ಲೆ ಬಿಲ್ಲೆಯಾಗಿ ಉದುರುತ್ತದೆ. ಹಾಗಾಗಿ ಹಸಿರು ಹೋಗಿ ಕಂದು ತಿರುಗುವ ಹೊತ್ತಿಗೆ, ಅಕ್ಟೋಬರ್‌ನಲ್ಲಿ ಕೊಯ್ದು ಬಿಸಿಲಿಗೆ ಹರಡಬೇಕು. ಬೀಜ ತ್ರಿಕೋನದ್ದು, ರೆಕ್ಕೆ ಇರುವಂಥದ್ದು, ಹಿಸುಕಿದರೆ ಬೆರಳಿಗೆ ಅಂಟು ಹತ್ತುತ್ತದೆ. ಎಣ್ಣೆಯಂಶ ಹೆಚ್ಚಾದ್ದರಿಂದ ಬೇಗ ಕೆಡುತ್ತದೆ, ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಬೇಡ. ನಾನು ಅರ್ಧ ಬೀಜವನ್ನು ನವೆಂಬರ್‌ನಲ್ಲೇ ಮಡಿಗೆ ಹಾಕಿದೆ. ಇನ್ನರ್ಧವನ್ನು ಒದ್ದೆ ಮರಳಿನಲ್ಲಿ ಕಲಸಿ ಮೂರು ವಾರ ಫ್ರಿಜ್ಜಿನಲ್ಲಿಟ್ಟು ಮಾರ್ಚ್‌ನಲ್ಲಿ ಬಿತ್ತಿದೆ. ಚಳಿ ಉಂಡ ಬೀಜ ಒಟ್ಟಿಗೆ ಮೊಳೆಯುತ್ತದೆ. ಎರಡೂ ಮಡಿಗಳಲ್ಲಿ ಏಪ್ರಿಲ್ ಹೊತ್ತಿಗೆ ಮೊಳಕೆ ಕಂಡಿತು. ಹತ್ತು ಹಸಿರು ಸೂಜಿಗಳ (ಈ ಮರದ ಎಲೆಯೇ ಸೂಜಿಯಂಥದ್ದು) ಒಂದು ಪುಟ್ಟ ಚಕ್ರ, ಅದರ ತುದಿಗಳನ್ನೆಲ್ಲ ಒಟ್ಟು ಸೇರಿಸಿ ಹಿಡಿದ ಬೀಜದ ಸಿಪ್ಪೆಯ ಟೋಪಿ. ಕೈಯಿಂದ ಆ ಟೋಪಿ ತೆಗೆಯಲು ಹೋಗಬಾರದು. ಎಳೆಯ ಸೂಜಿಗಳೂ ಜೊತೆಗೇ ಕಿತ್ತು ಬರುತ್ತವೆ.

ಮೊಳೆತದ್ದು ಅರವತ್ತರ ಹತ್ತಿರ, ಜೂನ್ ಕೊನೆಗೆ ಉಳಿದದ್ದು ಹನ್ನೊಂದು. ಕೊಂದವಳು ನಾನೇ. ಗೋಟಡಿಕೆ ಮಡಿಗೆ ದಿನಾ ನೀರು ಹಾಕಿ ಬೆಳೆದ ಕೈ ನನ್ನದು, ಇಲ್ಲಿಯೂ ಹಾಗೆಯೇ ಬೆಳಿಗ್ಗೆ ಸಂಜೆ ಹನಿಸಿದೆ. ಮಣ್ಣಿಗೆ ತಾಗಿದ ಕಡೆ ಕಾಂಡ ನೂಲಿನಷ್ಟು ಸಣ್ಣಗಾಗಿ, ಮೇಲೆ ಹಸಿರು ಇದ್ದಂತೆಯೇ ಸಸಿ ಅಡ್ಡ ಬೀಳುತ್ತಿತ್ತು. ಬುಡ ಕೊಳೆಸುವ ಶಿಲೀಂಧ್ರ. ಅಮ್ಮಾಜಿ (ಮನೆಯೊಡತಿಯನ್ನು ನಾನು ಹಾಗೆಯೇ ಕರೆಯುವುದು) ಮಡಿಯ ಮಣ್ಣನ್ನು ಮುಷ್ಟಿ ಕಟ್ಟಿ ನೋಡಿ, “ಬೇಟಿ, ಇದು ಭತ್ತವಲ್ಲ” ಎಂದರು. ಅಂದಿನಿಂದ ಬೆರಳು ತೂರಿಸಿ, ಒಂದು ಗೆಣ್ಣಿನ ಆಳಕ್ಕೆ ಒಣಗಿದ್ದರೆ ಮಾತ್ರ ನೀರು. ಮಣ್ಣಿಗೆ ಅರ್ಧಕ್ಕರ್ಧ ದಪ್ಪ ಮರಳು, ಜೊತೆಗೆ ದೊಡ್ಡ ದೇವದಾರಿನ ಬುಡದಿಂದ ತಂದ ಕೊಳೆತ ಸೂಜಿಯ ಗೊಬ್ಬರ ಎರಡು ಬೊಗಸೆ. ಆ ಗೊಬ್ಬರದಲ್ಲಿ ಈ ಮರದ ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರ ಇರುತ್ತದೆ. ಒಂದು ಶಿಲೀಂಧ್ರ ಸಸಿ ಕೊಂದರೆ ಇನ್ನೊಂದು ಅದಕ್ಕೆ ನೀರು, ಪೋಷಕಾಂಶ ಹೀರಿಕೊಡುತ್ತದೆ.

ಮೊದಲ ಎರಡು ವರ್ಷ ಮರ ಬೆಳೆಯುತ್ತಿದೆ ಎಂದು ನಂಬಲು ಕಷ್ಟ. ಮೊದಲ ವರ್ಷ ಗೇಣೂ ಏರಲಿಲ್ಲ. ಕೆಳಗೆ ಮಾತ್ರ ತಾಯಿಬೇರು ಓಡುತ್ತಿರುತ್ತದೆ, ಗಿಡ್ಡ ಚೀಲದಲ್ಲಿ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ನಾನು ಉದ್ದನೆಯ ಚೀಲ ಬಳಸಿ ಮೂರನೆಯ ಮಳೆಗಾಲದ ಆರಂಭದಲ್ಲಿ ಮೂರು ಸಸಿಗಳನ್ನು ನೆಟ್ಟೆ, ಮನೆಯಿಂದ ಹದಿನೈದು ಮೀಟರ್ ದೂರದಲ್ಲಿ, ಇಳಿಜಾರಿನಲ್ಲಿ. ನಲವತ್ತು ಮೀಟರ್ ಏರಬಲ್ಲ ಮರವನ್ನು ಗೋಡೆಯ ಮಗ್ಗುಲಿಗೆ ನೆಡುವುದು ಮನೆಗೂ ಮರಕ್ಕೂ ಮಾಡುವ ಅನ್ಯಾಯ.

ಆಗ ನಡೆದದ್ದನ್ನು ಹೇಳಲೇಬೇಕು. ಬಲವಾಗಿ ಬೆಳೆದ ಸಸಿಯೊಂದರ ತುದಿ ಒಂದು ದಿನ ತಲೆ ತಗ್ಗಿಸಿದಂತೆ ಬಾಗಿತು. ಬಾಡಿತೆಂದು ಹೆದರಿ ಬಿದಿರಿನ ಗೂಟ ಊರಿ, ಸಣಬಿನ ದಾರದಿಂದ ನೆಟ್ಟಗೆ ಬಿಗಿದೆ. ಎರಡು ತಿಂಗಳ ಮೇಲೆ ನೋಡಿದರೆ ದಾರ ತೊಗಟೆಯೊಳಕ್ಕೆ ಇಳಿದು ಉಂಗುರದಂತೆ ಗಾಯವಾಗಿತ್ತು. ದೇವದಾರಿನ ಎಳೆಯ ತುದಿ ಬಾಗಿಯೇ ಇರುತ್ತದೆ, ಬೆಳೆಯುತ್ತ ತಾನಾಗಿ ನೆಟ್ಟಗಾಗುತ್ತದೆ. ಅದು ಆ ಮರದ ರೂಢಿ. ದಾರ ಬಿಚ್ಚಿದ ಕಡೆ ಈಗಲೂ ಒಂದು ಗಂಟು ಉಳಿದಿದೆ, ಬೆರಳಿಗೆ ಸಿಗುತ್ತದೆ.

ಹಿಮ ಬಿದ್ದ ಬೆಳಿಗ್ಗೆ ಗಳದಿಂದ ಕೊಂಬೆಗಳನ್ನು ಕೆಳಗಿನಿಂದ ಮೆಲ್ಲನೆ ಎತ್ತಿ ಹಿಮ ಜಾರಿಸುತ್ತೇನೆ, ಮೇಲಿನಿಂದ ಹೊಡೆದರೆ ಮುರಿಯುತ್ತದೆ. ಬುಡದ ಕೊಂಬೆಗಳನ್ನು ಕತ್ತರಿಸುವುದಿಲ್ಲ. ಬೇಸಿಗೆಯಲ್ಲಿ ಬುಡಕ್ಕೆ ಉದುರು ಸೂಜಿ ಹೊದಿಸುತ್ತೇನೆ, ಕಾಂಡಕ್ಕೆ ತಾಗದಂತೆ. ಬೇರೆ ಗೊಬ್ಬರ ಕೊಟ್ಟಿಲ್ಲ.

ಊರಿನಿಂದ ತಂಗಿ ಒಂದು ಸಸಿ ಕಳಿಸು ಎಂದು ಕೇಳಿದಳು. ಇದು ಚಳಿಯ ಮರ, ನಮ್ಮ ಹಿತ್ತಿಲಿನ ಸೆಕೆಯಲ್ಲಿ ಕೊರಗುತ್ತದೆ ಎಂದು ಹೇಳಿ ಕಳಿಸಲಿಲ್ಲ. ಬದಲಿಗೆ ಸೀಳಿದ ಆ ತೊಲೆಯ ಒಂದು ಚಕ್ಕೆ ಕಳಿಸಿದೆ. ಅಮ್ಮ ಅದನ್ನು ಮೂಸಿ ನೋಡಿ, ಅಂಗಡಿಯದ್ದಕ್ಕಿಂತ ಇದೇ ಚೆನ್ನಾಗಿದೆ ಎಂದು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳಂತೆ.