ಸೌರ ಕೀಬೋರ್ಡ್ ಕೊಳ್ಳುವ ಮುನ್ನ ಮೇಜಿನ ಬೆಳಕನ್ನು ಅಳೆಯಿರಿ

ಸೌರಶಕ್ತಿಯ ವೈರ್‌ಲೆಸ್ ಕೀಬೋರ್ಡ್ ಕೊಂಡರೆ ದುಡ್ಡು ಉಳಿಯುತ್ತದೆಯೇ ಎಂದು ಕೇಳುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಉಳಿಯುವುದಿಲ್ಲ. ಎರಡು ಪೆನ್ಸಿಲ್ ಸೆಲ್ ಹಾಕುವ ಸಾಮಾನ್ಯ ವೈರ್‌ಲೆಸ್ ಕೀಬೋರ್ಡ್ ಒಂದು ಜೊತೆ ಸೆಲ್‌ನಲ್ಲಿ ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಸೌರ ಕೀಬೋರ್ಡಿಗೆ ಕೊಡುವ ಹೆಚ್ಚಿನ ಬೆಲೆಯಲ್ಲಿ ಎಷ್ಟೋ ವರ್ಷಕ್ಕಾಗುವಷ್ಟು ಸೆಲ್ ಬರುತ್ತವೆ. ಇಲ್ಲಿ ನೀವು ದುಡ್ಡು ಕೊಟ್ಟು ಕೊಳ್ಳುವುದು ಸೆಲ್ ಮುಗಿಯುವ ತಲೆನೋವಿನಿಂದ ಬಿಡುಗಡೆ. ಮಲ್ಲೇಶ್ವರದಲ್ಲಿ ಟೈಪಿಂಗ್ ಮತ್ತು ಡಿಟಿಪಿ ಅಂಗಡಿ ನಡೆಸುವ ನನಗೆ ಆ ಬಿಡುಗಡೆ ಬೇಕಾಗಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟೋಕನ್ ಕೂಗುವ ಹೊತ್ತಿಗೆ ಕ್ರಯಪತ್ರದ ಕೊನೆಯ ಪುಟದಲ್ಲಿ ಚೆಕ್ಕುಬಂದಿ ಹೊಡೆಯುತ್ತಿರುವಾಗ ಸೆಲ್ ಕೈಕೊಟ್ಟರೆ, ಎದುರಿಗೆ ಕುಳಿತ ಕಕ್ಷಿದಾರರ ಮುಖ ನೋಡಲಾಗುವುದಿಲ್ಲ. ನಿಮಗೆ ಅಂಥ ಅವಸರವಿಲ್ಲ, ಡ್ರಾಯರಿನಲ್ಲಿ ಒಂದು ಜೊತೆ ಸೆಲ್ ಇಟ್ಟುಕೊಳ್ಳುವ ಶಿಸ್ತಿದೆ ಎಂದಾದರೆ ಸಾಮಾನ್ಯ ಕೀಬೋರ್ಡೇ ಸಾಕು.

ಬೇಕೇ ಬೇಕು ಎನ್ನುವವರು ಅಂಗಡಿಗೆ ಹೋಗುವ ಮೊದಲು ತಮ್ಮ ಮೇಜನ್ನು ನೋಡಬೇಕು. ನಮ್ಮ ಖಾಯಂ ಗಿರಾಕಿಯೊಬ್ಬರು, ನಿವೃತ್ತ ಮೇಷ್ಟ್ರು, ನನ್ನ ಕೀಬೋರ್ಡಿನ ಮೇಲಂಚಿನ ಕಪ್ಪು ಪಟ್ಟಿಯನ್ನು ಮುಟ್ಟಿ ನೋಡಿ, “ಏನಮ್ಮಾ, ಇದನ್ನು ಹಪ್ಪಳದಂತೆ ದಿನವೂ ಬಿಸಿಲಿಗೆ ಇಡಬೇಕೇ?” ಎಂದು ಕೇಳಿದರು. ಬೇಡ ಮೇಷ್ಟ್ರೇ, ಇಡಲೂಬಾರದು. ಆ ಪಟ್ಟಿ ಕೋಣೆಯ ಬೆಳಕಿನಲ್ಲೇ ಕೆಲಸ ಮಾಡುವಂಥದ್ದು. ಕ್ಯಾಲ್ಕುಲೇಟರಿನ ಫಲಕ ಟ್ಯೂಬ್‌ಲೈಟ್ ಕೆಳಗೆ ನಡೆಯುತ್ತದಲ್ಲ, ಇದೂ ಅದೇ ಜಾತಿ. ಸುಡುಬಿಸಿಲಿನಲ್ಲಿ ಬಿಟ್ಟರೆ ಒಳಗಿರುವ ಲಿಥಿಯಂ ಸೆಲ್ ಕಾದು ಆಯುಸ್ಸು ಕಳೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಗಾಜಿನಡಿ ಇಟ್ಟರಂತೂ ಕೇಳುವುದೇ ಬೇಡ.

ಬೆಳಕು ಅಳೆಯುವುದು ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ಉಚಿತ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಬೆಳಕು ಗುರುತಿಸುವ ಸಂವೇದಕ ಸಾಮಾನ್ಯವಾಗಿ ಪರದೆಯ ಮೇಲಂಚಿನಲ್ಲಿ, ಕಿವಿಗೊಡುವ ಜಾಗದ ಬಳಿ ಇರುತ್ತದೆ. ಕೀಬೋರ್ಡಿನ ಫಲಕ ಎಲ್ಲಿ ಬರುತ್ತದೋ ಅಲ್ಲೇ ಫೋನನ್ನು ಅಂಗಾತ ಮಲಗಿಸಿ, ನೀವು ಕೆಲಸ ಮಾಡುವ ಭಂಗಿಯಲ್ಲೇ ಕುಳಿತು ಅಂಕಿ ನೋಡಿ. ಎದ್ದು ಬಗ್ಗಿ ನೋಡಿದರೆ ನಿಮ್ಮ ತಲೆಯ ನೆರಳೇ ಲೆಕ್ಕ ಕೆಡಿಸುತ್ತದೆ. ಫೋನಿನ ಅಳತೆ ಕರಾರುವಾಕ್ಕಲ್ಲ, ಆದರೆ 50 ಯಾವುದು 500 ಯಾವುದು ಎಂದು ತಿಳಿಯಲು ಧಾರಾಳವಾಯಿತು. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ ಒಮ್ಮೊಮ್ಮೆ ನೋಡಿ.

ಅಂದಾಜಿಗೆ ಹೇಳುವುದಾದರೆ, ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಮುಟ್ಟುತ್ತದೆ. ಮೋಡ ಕವಿದ ಆಷಾಢದ ಹಗಲಿನಲ್ಲೂ ಬಯಲಿನಲ್ಲಿ ಸಾವಿರಗಟ್ಟಲೆ ಇರುತ್ತದೆ. ಕಚೇರಿ ಕೆಲಸಕ್ಕೆ 300ರಿಂದ 500 ಇರಬೇಕು ಎನ್ನುವುದು ರೂಢಿಯ ಅಳತೆ. ಮನೆಯ ಹಾಲಿನಲ್ಲಿ ರಾತ್ರಿ 100 ದಾಟಿದರೆ ಹೆಚ್ಚು. ನನ್ನ ಅಂಗಡಿಗೆ ಕಿಟಕಿಯಿಲ್ಲ. ಎರಡು ಎಲ್‌ಇಡಿ ಟ್ಯೂಬಿನ ಕೆಳಗೆ 250ರ ಆಸುಪಾಸು ಬರುತ್ತದೆ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಟ್ಯೂಬು ಉರಿಯುವುದರಿಂದ ಅಷ್ಟರಲ್ಲೇ ಕೀಬೋರ್ಡ್ ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ದಿನದ ಹೆಚ್ಚಿನ ಹೊತ್ತು 200 ಲಕ್ಸ್ ಸಿಗದ ಮೇಜಿಗೆ ಸೌರ ಕೀಬೋರ್ಡ್ ತರಬೇಡಿ, ಇದು ನನ್ನ ಕಟ್ಟುನಿಟ್ಟು.

ಈ ಲೆಕ್ಕದಲ್ಲಿ ಕಚೇರಿ ಯಾವಾಗಲೂ ಮನೆಯನ್ನು ಗೆಲ್ಲುತ್ತದೆ. ಅಲ್ಲಿ ಹೊರಗೆ ಮಳೆಯಿರಲಿ ಬಿಸಿಲಿರಲಿ, ತಲೆಯ ಮೇಲೆ ದೀಪ ಒಂಬತ್ತು ಹತ್ತು ಗಂಟೆ ಉರಿಯುತ್ತದೆ. ಬೆಂಗಳೂರಿನ ಮನೆಗಳ ಕಥೆ ಬೇರೆ. 30–40ರ ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯವರ ಬಚ್ಚಲಿನ ಪೈಪು ಕಾಣುತ್ತದೆ, ಆಕಾಶ ಕಾಣುವುದಿಲ್ಲ. ಅಂಥ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ 60, 70 ಲಕ್ಸ್ ತೋರಿಸಿದರೆ ಆಶ್ಚರ್ಯಪಡಬೇಕಿಲ್ಲ. ದಿಕ್ಕಿನ ಬಗ್ಗೆಯೂ ಒಂದು ಮಾತು. ನಮ್ಮ ಊರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಹಾಗಾಗಿ ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯ ಬಳಿ ಭರ್ಜರಿ ಅಂಕಿ ಕಂಡಿತೆಂದು ಹಿಗ್ಗಬೇಡಿ. ಜೂನ್‌ನಲ್ಲಿ ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಜೊತೆಗೆ ಮುಂಗಾರಿನ ಮೋಡ ಬೇರೆ.

ಇನ್ನು ಮೇಜಿನ ಆಕಾರ. ನಮ್ಮಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿರುವುದು ಕೀಬೋರ್ಡ್ ಇಡಲು ಜಾರುವ ಹಲಗೆ ಇರುವ ಕಂಪ್ಯೂಟರ್ ಟೇಬಲ್. ಆ ಹಲಗೆಯನ್ನು ಪೂರ್ತಿ ಹೊರಗೆಳೆದರೂ ಕೀಬೋರ್ಡಿನ ಹಿಂಭಾಗ ಮೇಜಿನ ಅಡಿಯ ಕತ್ತಲಲ್ಲೇ ಉಳಿಯುತ್ತದೆ. ಫಲಕವೂ ಇರುವುದು ಅದೇ ಹಿಂಭಾಗದಲ್ಲಿ, ಎಫ್1, ಎಫ್2 ಸಾಲಿನ ಮೇಲೆ! ಕೆಲಸ ಮುಗಿದ ಮೇಲೆ ಹಲಗೆಯನ್ನು ಒಳಗೆ ತಳ್ಳುವ ಅಭ್ಯಾಸವಿದ್ದರಂತೂ ಮುಗಿಯಿತು. ಇಂಥ ಟೇಬಲ್ ಇರುವವರು ಕೀಬೋರ್ಡನ್ನು ಮೇಜಿನ ಮೇಲೆ ಇಡಲು ಜಾಗ ಮಾಡಿಕೊಳ್ಳಬೇಕು, ಇಲ್ಲವಾದರೆ ಈ ಆಸೆ ಬಿಡಬೇಕು. ಮುಚ್ಚುವ ಬಟ್ಟೆಯದೂ ಇದೇ ಸಮಸ್ಯೆ. ನಮ್ಮ ಅತ್ತೆಯವರು ಟಿವಿ, ಮಿಕ್ಸಿ, ಪ್ರಿಂಟರ್ ಎಲ್ಲಕ್ಕೂ ಕ್ರೋಶ ಹಾಕಿದ ಬಟ್ಟೆ ಹೊದಿಸುತ್ತಾರೆ. ಕೀಬೋರ್ಡಿಗೆ ಮಾತ್ರ ಹೊದಿಸದಂತೆ ಅವರನ್ನು ಒಪ್ಪಿಸಲು ಅದರ ಹೊಟ್ಟೆಪಾಡೇ ಬೆಳಕು ಎಂದು ವಿವರಿಸಬೇಕಾಯಿತು. ದೂಳು ಕೂತರೆ ಒಣ ಮೆತ್ತನೆಯ ಬಟ್ಟೆಯಿಂದ, ಕನ್ನಡಕ ಒರೆಸುವಂಥದ್ದರಿಂದ, ವಾರಕ್ಕೊಮ್ಮೆ ಫಲಕ ಒರೆಸಿದರೆ ಸಾಕು.

ಬೆಳಕು ಪಾಸಾಯಿತು ಎಂದುಕೊಳ್ಳೋಣ. ಮಾರುಕಟ್ಟೆಯಲ್ಲಿ ಆಯ್ಕೆ ಹೆಚ್ಚಿಲ್ಲ. ಈ ಬಗೆಯನ್ನು ಜನಪ್ರಿಯಗೊಳಿಸಿದ್ದು 2010ರಲ್ಲಿ ಬಂದ ಲಾಜಿಟೆಕ್ ಕೆ750. ಪೂರ್ತಿ ಚಾರ್ಜ್ ಆದರೆ ಕತ್ತಲಲ್ಲೂ 3 ತಿಂಗಳು ನಡೆಯುತ್ತದೆ ಎಂದು ಕಂಪನಿ ಹೇಳಿತ್ತು. ಬಲಗಡೆ ಮೇಲೆ ಬೆಳಕು ಪರೀಕ್ಷಿಸುವ ಒಂದು ಗುಂಡಿ ಇದೆ, ಒತ್ತಿದರೆ ನಗುಮುಖವೋ ಸಪ್ಪೆಮುಖವೋ ಬೆಳಗುತ್ತದೆ. ಅದೇ ಕಂಪನಿ 2025ರಲ್ಲಿ ಸಿಗ್ನೇಚರ್ ಸ್ಲಿಮ್ ಸೋಲಾರ್ ಪ್ಲಸ್ ಕೆ980 ತಂದಿದೆ, ಅದಕ್ಕೆ ಕತ್ತಲಲ್ಲಿ 4 ತಿಂಗಳ ಮಾತು ಕೊಟ್ಟಿದೆ. ಹೆಸರು ಕೇಳದ ಕಂಪನಿಗಳವೂ ಆನ್‌ಲೈನಿನಲ್ಲಿ ಸಿಗುತ್ತವೆ. ಯಾವುದನ್ನು ಕೊಂಡರೂ ಕತ್ತಲಲ್ಲಿ ಎಷ್ಟು ದಿನ ನಡೆಯುತ್ತದೆ ಎಂಬ ಅಂಕಿಯನ್ನು ಪೆಟ್ಟಿಗೆಯ ಮೇಲೆ ಹುಡುಕಿ. ದಸರೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದಾಗ ಕೀಬೋರ್ಡ್ ಸತ್ತಿರಬಾರದಲ್ಲ. ಆ ಅಂಕಿಯೇ ಇಲ್ಲದ ಪೆಟ್ಟಿಗೆಯನ್ನು ನಾನು ವಾಪಸ್ ಇಡುತ್ತೇನೆ. ಯುಎಸ್‌ಬಿಯಿಂದಲೂ ಚಾರ್ಜ್ ಮಾಡುವ ವ್ಯವಸ್ಥೆ ಇದ್ದರೆ ಒಳ್ಳೆಯದು. ಕೀಲಿಗಳ ಕೆಳಗೆ ದೀಪ ಉರಿಯಬೇಕು ಎನ್ನುವವರು ಸೌರ ಕೀಬೋರ್ಡಿನ ಗೊಡವೆಗೆ ಹೋಗದಿರುವುದೇ ಲೇಸು. ಫಲಕ ಸಂಪಾದಿಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಆ ದೀಪ ತಿನ್ನುತ್ತದೆ.

ಸೆಲ್ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಬೆಳಕಿನಿಂದ ಬಂದ ವಿದ್ಯುತ್ತನ್ನು ಹಿಡಿದಿಡಲು ಒಳಗೆ ಮರುಚಾರ್ಜ್ ಆಗುವ ಸೆಲ್ ಬೇಕು, ಅದು ವರ್ಷಗಳ ಮೇಲೆ ದಣಿಯುತ್ತದೆ. ಬದಲಿಸಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಕೆ750ಯಲ್ಲಿ ಬರುತ್ತದೆ. ಅಂಚಿನಲ್ಲಿ ಒಂದು ಪುಟ್ಟ ತಟ್ಟೆ ಇದೆ, ಎಳೆದರೆ ನಾಣ್ಯದಂಥ ಸೆಲ್ ಕೂತಿರುತ್ತದೆ. ಅದರ ಮೇಲೆ ಬರೆದಿರುವುದು ಎಂಎಲ್2032. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆಯಲ್ಲಿ ಇದನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಕಡೆ ಸಿಆರ್2032 ಕೈಗಿಟ್ಟು “ಎರಡೂ ಒಂದೇ ಮೇಡಂ” ಎನ್ನುತ್ತಾರೆ. ಒಂದೇ ಅಲ್ಲ. ಗಾತ್ರ ಒಂದೇ, 3 ವೋಲ್ಟ್ ಕೂಡ ಒಂದೇ, ಆದರೆ ಸಿಆರ್ ಮರುಚಾರ್ಜ್ ಆಗುವ ಸೆಲ್ ಅಲ್ಲ. ಚಾರ್ಜ್ ಮಾಡುವ ಸರ್ಕ್ಯೂಟಿಗೆ ಅದನ್ನು ಸೇರಿಸಿದರೆ ಉಬ್ಬಬಹುದು, ಸೋರಬಹುದು. ಇನ್ನು ಕೆಲವರು ಎಲ್‌ಐಆರ್2032 ಕೊಡುತ್ತಾರೆ. ಅದು ಮರುಚಾರ್ಜ್ ಆಗುತ್ತದೆ ನಿಜ, ಆದರೆ ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟಿಗೆಂದು ಮಾಡಿದ ಸರ್ಕ್ಯೂಟಿಗೆ ಅದು ಹೆಚ್ಚಾಯಿತು. ಮೊದಲೆರಡು ಅಕ್ಷರ ಓದಿಯೇ ದುಡ್ಡು ಕೊಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಆ ತಟ್ಟೆ ಎಳೆದು ಒಳಗೆ ಯಾವುದಿದೆ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಲೇಬೇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ.

ಕನ್ನಡ ಟೈಪ್ ಮಾಡುವವರಿಗೆ ಕೀಲಿಗಳ ಬಗ್ಗೆ ಹೇಳಲೇಬೇಕಾದದ್ದಿದೆ, ಪೆಟ್ಟಿಗೆಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರ ಎಡಗೈ ತೋರುಬೆರಳು ದಿನವಿಡೀ ಎಫ್ ಕೀಲಿಯ ಮೇಲೇ ಇರುತ್ತದೆ, ಏಕೆಂದರೆ ಪ್ರತಿ ಒತ್ತಕ್ಷರಕ್ಕೂ ಅದು ಬೇಕು. ಅಕ್ಕ ಎಂದು ಹೊಡೆಯಲು ಎ, ಕೆ, ಎಫ್, ಕೆ. ಇಂಗ್ಲಿಷಿನವರಿಗೆ ಅಷ್ಟೇನೂ ದುಡಿಯದ ಈ ಕೀಲಿ ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಅಕ್ಷರ ಅಳಿಸಿಕೊಳ್ಳುತ್ತದೆ. ನನ್ನ ಹಳೆಯ ಕೀಬೋರ್ಡಿನಲ್ಲಿ ಅದು ನುಣ್ಣಗೆ ಬೋಳಾಗಿದೆ, ಕೆಳಗಿನ ಸಣ್ಣ ಗೆರೆಯ ಉಬ್ಬು ಮಾತ್ರ ಬೆರಳಿಗೆ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿವಿನ್ಯಾಸ ಬಳಸುವವರಿಗೆ ಇದೇ ಗತಿ ಡಿ ಕೀಲಿಗೆ. ಆದ್ದರಿಂದ ಅಂಗಡಿಯಲ್ಲಿ ಇಟ್ಟ ಮಾದರಿಯನ್ನು ಪರೀಕ್ಷಿಸುವಾಗ ಕ್ವಿಕ್ ಬ್ರೌನ್ ಫಾಕ್ಸ್ ಎಂಬ ಇಂಗ್ಲಿಷ್ ಪರೀಕ್ಷಾ ವಾಕ್ಯ ಹೊಡೆಯಬೇಡಿ, ಒತ್ತಕ್ಷರ ತುಂಬಿದ ನಾಲ್ಕು ಸಾಲು ಕನ್ನಡ ಹೊಡೆಯಿರಿ. ಸೌರ ಕೀಬೋರ್ಡುಗಳು ಬಹುಪಾಲು ತೆಳ್ಳಗಿರುತ್ತವೆ, ಕೀಲಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಹಳೆಯ ದಪ್ಪ ಕೀಬೋರ್ಡಿನಲ್ಲಿ ಕುಟ್ಟಿ ಅಭ್ಯಾಸವಾದ ಕೈಗೆ ಮೊದಲು ಬೆರಳ ತುದಿ ನೋಯುತ್ತದೆ.

ಎಡಗಡೆಯ ಶಿಫ್ಟ್ ಕೀಲಿಯ ಉದ್ದವನ್ನೂ ನೋಡಿ. ನುಡಿಯಲ್ಲಿ ಣ, ಳ ಎರಡಕ್ಕೂ ಶಿಫ್ಟ್ ಒತ್ತಬೇಕು, ಅವೆರಡೂ ಬಲಗೈ ಕೀಲಿಗಳು, ಹಾಗಾಗಿ ಎಡಗೈ ಕಿರುಬೆರಳು ಶಿಫ್ಟಿಗೆ ಹೋಗುತ್ತದೆ. ಬ್ರಿಟಿಷ್ ವಿನ್ಯಾಸದಲ್ಲಿ ಎಡ ಶಿಫ್ಟನ್ನು ಮೊಟಕು ಮಾಡಿ ಪಕ್ಕದಲ್ಲಿ ಇನ್ನೊಂದು ಕೀಲಿ ತುರುಕಿರುತ್ತಾರೆ. ಹೊರದೇಶದಿಂದ ಯಾರೋ ತಂದುಕೊಟ್ಟ ಕೀಬೋರ್ಡಿನಲ್ಲಿ ‘ಬೆಂಗಳೂರು’ ಹೊಡೆಯಲು ಹೋದರೆ ಳ ಬದಲು ಲ ಬರುವುದು, ನಡುವೆ ಒಂದು ಓರೆಗೆರೆ ನುಸುಳುವುದು ಇದರಿಂದಲೇ. ಲೆಕ್ಕಪತ್ರದ ಕೆಲಸವಿದ್ದರೆ ಬಲಗಡೆ ಅಂಕಿಗಳ ಗುಂಪು ಇರುವುದನ್ನೇ ತೆಗೆದುಕೊಳ್ಳಿ, ಜಾಗ ಉಳಿಸುವ ಆಸೆಗೆ ಬೀಳಬೇಡಿ.

ಸಂಪರ್ಕ ಎರಡು ಬಗೆ. ಒಂದು, ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್. ಇನ್ನೊಂದು ಬ್ಲೂಟೂತ್. ಫೋನ್, ಟ್ಯಾಬ್ಲೆಟ್ ಎಲ್ಲಕ್ಕೂ ಒಂದೇ ಕೀಬೋರ್ಡ್ ಬೇಕಾದವರಿಗೆ ಬ್ಲೂಟೂತ್ ಅನುಕೂಲ, ಆದರೆ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ವಿಂಡೋಸ್ ಏಳುವ ಮೊದಲು ಅದು ಕೆಲಸ ಮಾಡುವುದಿಲ್ಲ. ಕರೆಂಟು ಹೋಗಿ ಬಂದು ಪರದೆಯ ಮೇಲೆ “ಒಂದು ಕೀಲಿ ಒತ್ತಿ” ಎಂದು ಬಂದಾಗ ಒತ್ತಲು ಕೀಲಿಯೇ ಇರುವುದಿಲ್ಲ. ಡೆಸ್ಕ್‌ಟಾಪಿಗೆ ನಾನು ರಿಸೀವರ್ ಪರ. ಅದನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ, ಅದರಲ್ಲೂ ಪೆನ್ ಡ್ರೈವ್ ಪಕ್ಕ ಹಾಕಬೇಡಿ. ಆ ಕಿಂಡಿಗಳು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ, ಅಕ್ಷರಗಳು ತಡವರಿಸುತ್ತವೆ ಅಥವಾ ಮಾಯವಾಗುತ್ತವೆ. ಕೀಬೋರ್ಡ್ ಕೆಟ್ಟಿದೆ ಎಂದು ನನ್ನ ಬಳಿ ತಂದವರಲ್ಲಿ ಹಲವರಿಗೆ, ರಿಸೀವರನ್ನು ಕಿಂಡಿಯಿಂದ ದೂರ ಇಡಲು, ಒಂದು ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಕೊಟ್ಟು ಕಳಿಸಿದ್ದೇನೆ. ರಿಸೀವರ್ ಕಳೆದರೆ ಬೇರೆಯದು ಸಿಗುತ್ತದೆಯೇ ಎಂದೂ ವಿಚಾರಿಸಿ. ಲಾಜಿಟೆಕ್‌ನಲ್ಲೇ ಹಳೆಯ ಯೂನಿಫೈಯಿಂಗ್ ಮತ್ತು ಹೊಸ ಬೋಲ್ಟ್ ರಿಸೀವರುಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಡೆದ ಅಕ್ಷರಗಳನ್ನು ಬೇರೆಯವರು ಓದದಂತೆ ಮರೆಮಾಡಿ ಕಳಿಸುವ ಎಇಎಸ್ ಗೂಢಲಿಪೀಕರಣದ ಉಲ್ಲೇಖ ಪೆಟ್ಟಿಗೆಯ ಮೇಲಿದೆಯೇ ಎಂದೂ ನೋಡಿ. ಕೆಲವು ಕಂಪನಿಗಳ ವೈರ್‌ಲೆಸ್ ರಿಸೀವರುಗಳಿಗೆ ದೂರದಿಂದಲೇ ಕಳ್ಳ ಅಕ್ಷರ ತೂರಿಸಬಹುದು ಎಂದು 2016ರಲ್ಲೇ ಭದ್ರತಾ ಸಂಶೋಧಕರು ತೋರಿಸಿದ್ದಾರೆ. ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವ ಬೆರಳು ಇದನ್ನು ನೆನಪಿಡಬೇಕು. ಕಚೇರಿಗೆ ಒಯ್ಯುವವರು ಅಲ್ಲಿ ಹೊರಗಿನ ಯುಎಸ್‌ಬಿ ಸಾಧನಕ್ಕೆ ಅನುಮತಿ ಇದೆಯೇ ಎಂದು ಐಟಿ ವಿಭಾಗವನ್ನು ಕೇಳಿಯೇ ಕೊಳ್ಳಿ.

ಕೊನೆಗೆ ಕೀಬೋರ್ಡನ್ನು ಮಗುಚಿ ಬೆನ್ನು ನೋಡಿ. ವೈರ್‌ಲೆಸ್ ಕೀಬೋರ್ಡಿಗೆ ನಮ್ಮ ದೇಶದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಗುರುತಿನ ಜೊತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು, ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬಿಲ್ ಕೇಳಿ ಪಡೆಯಿರಿ. ಮನೆಗೆ ತಂದ ಮೊದಲ ವಾರ ಬೆಳಿಗ್ಗೆ ಕೆಲಸ ಆರಂಭಿಸುವಾಗ ಒಮ್ಮೆ, ಮುಗಿಸುವಾಗ ಒಮ್ಮೆ ಚಾರ್ಜ್ ಎಷ್ಟಿದೆ ಎಂದು ಗುರುತು ಹಾಕಿಕೊಳ್ಳಿ. ದಿನದಿಂದ ದಿನಕ್ಕೆ ಇಳಿಯುತ್ತಲೇ ಇದ್ದರೆ ಕೀಬೋರ್ಡನ್ನು ಬೆಳಕು ಹೆಚ್ಚಿರುವ ಇನ್ನೊಂದು ಜಾಗದಲ್ಲಿಟ್ಟು ನೋಡಿ, ಅಲ್ಲಿಯೂ ಇಳಿದರೆ ವಾಪಸಾತಿಯ ಗಡುವು ಮುಗಿಯುವುದರೊಳಗೆ ಬಿಲ್ ಸಮೇತ ಹಿಂತಿರುಗಿಸಿಬಿಡಿ.