ಸೆಕೆಂಡ್ ಪಿಯು ಕೆಮಿಸ್ಟ್ರಿಗೆ ಒಂದು ದೊಡ್ಡ ಹಾಳೆ ಸಾಕು

ಆರ್ಗ್ಯಾನಿಕ್ ರಿಯಾಕ್ಷನ್‌ಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಎರಡೇ ದಿನಕ್ಕೆ ಮರೆತುಹೋಗುತ್ತವೆ. ಒಂದು ದೊಡ್ಡ ಹಾಳೆ ತಗೊಂಡು ನಡುವೆ ಬೆಂಜೀನ್ ಬರೆಯಿರಿ, ಅಲ್ಲಿಂದ ನೈಟ್ರೋಬೆಂಜೀನ್, ಆಮೇಲೆ ಅನಿಲೀನ್, ಡಯಜೋನಿಯಂ ಸಾಲ್ಟ್, ಫೀನಾಲ್ ಅಂತ ಬಾಣ ಹಾಕುತ್ತಾ ಹೋಗಿ, ಪ್ರತಿ ಬಾಣದ ಮೇಲೂ ಏನು ಸೇರಿಸಬೇಕು, ಎಷ್ಟು ಟೆಂಪರೇಚರ್ ಅಂತ ಬರೆಯಿರಿ. ಡಯಜೋನಿಯಂಗೆ 0ರಿಂದ 5 ಡಿಗ್ರಿ ಸೆಲ್ಸಿಯಸ್, ಇದನ್ನೇ ಜಾಸ್ತಿ ಜನ ಬಿಡೋದು. ಆಲ್ಡಿಹೈಡ್‌ಗಳಲ್ಲಿ ಆಲ್ಡಾಲ್ ರಿಯಾಕ್ಷನ್‌ಗೆ ಆಲ್ಫಾ ಹೈಡ್ರೋಜನ್ (C=O ಪಕ್ಕದ ಕಾರ್ಬನ್‌ನಲ್ಲಿರೋ ಹೈಡ್ರೋಜನ್) ಬೇಕು, ಕ್ಯಾನಿಜಾರೋ ರಿಯಾಕ್ಷನ್‌ಗೆ ಅದು ಇರಬಾರದು.

ಲೆಕ್ಕಗಳನ್ನು ಕಣ್ಣಲ್ಲಿ ಓದಿದರೆ ಆಗಲ್ಲ, ದಿನಕ್ಕೆ ಎರಡಾದರೂ ಪೆನ್ನು ಹಿಡಿದು ಮಾಡಿ. ಸೆಲ್‌ನ ವೋಲ್ಟೇಜ್ ಕಂಡುಹಿಡಿಯೋ ನರ್ನ್‌ಸ್ಟ್ ಲೆಕ್ಕದಲ್ಲಿ ನನಗೆ ಮಾರ್ಕ್ಸ್ ಹೋಗಿದ್ದು ಸೂತ್ರ ಗೊತ್ತಿಲ್ಲದೆ ಅಲ್ಲ, ಲಾಗ್ ತೆಗೆಯುವಾಗ ಮೈನಸ್ ಬಿಟ್ಟಿದ್ದಕ್ಕೆ! ಯೂನಿಟ್ ಕೂಡ ಬರೆಯಿರಿ, ಮೊದಲ ಆರ್ಡರ್ ರಿಯಾಕ್ಷನ್‌ನ ರೇಟ್ ಕಾನ್‌ಸ್ಟೆಂಟ್‌ಗೆ (ವೇಗದ ಸೂತ್ರದಲ್ಲಿ ಬರೋ k) ಬರೀ ಪ್ರತಿ ಸೆಕೆಂಡ್, ಮೋಲ್ ಲೀಟರ್ ಬರಲ್ಲ.